ತಂಬೂರಿ ಹಿಡಿದವಳ ಅಪ್ಪ

ಗೋದಾವರಿಗೆ ಸಂಗೀತ ತಿಳಿಯುತ್ತಿರಲಿಲ್ಲ. ಬಿಂದುಮಾಧವ ಗಲಗಲಿಯ ಜೊತೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದ್ದರೂ ಯಾವುದು ಯಮನ ರಾಗ, ಯಾವುದು ಭೂಪ ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಹಾಡು ಹೇಗಿತ್ತೆಂಬುದನ್ನು ಅವಳು ತಿಳಿದುಕೊಳ್ಳುತ್ತಿದ್ದುದು ಗಂಡ ಸಂಗೀತ ಕಚೇರಿ ಕೇಳಿ ಬಂದು ಚಪ್ಪಲಿ ಬಿಡುವ ರೀತಿಯಿಂದ. ಚೆನ್ನಾಗಿದ್ದರೆ ಎರಡೂ ಜೋಡಿಸಿಟ್ಟ ಹಾಗೆ ಗೋಡೆಗೆ ಹತ್ತಿ ನಿಲ್ಲುತ್ತಿದ್ದವು. ಚೆನ್ನಾಗಿರದಿದ್ದರೆ ಒಂದು ಹೊಸ್ತಿಲ ಬಳಿ, ಇನ್ನೊಂದು ಮೆಟ್ಟಿಲ ಮೇಲೆ.

ಬಿಂದುಮಾಧವ ಪುಣೆಯ ಕ್ಯಾಂಪಿನಲ್ಲಿ ಮಿಲಿಟರಿಯ ಲೆಕ್ಕಪತ್ರದ ಆಫೀಸಿನಲ್ಲಿ ಗುಮಾಸ್ತ. ಬಾಗಲಕೋಟೆಯ ಕಡೆಯ ಮನೆತನ, ಅವನ ಅಪ್ಪನ ಕಾಲಕ್ಕೇ ಇಲ್ಲಿಗೆ ಬಂದದ್ದು. ನಾರಾಯಣ ಪೇಟೆಯ ಹಳೆಯ ವಾಡೆಯಲ್ಲಿ, ಮರದ ಜಿನೆ ಹತ್ತಿ ಹೋದರೆ ಎರಡು ಖೋಲಿ. ಅದರಲ್ಲಿ ನಾಲ್ಕು ಜನ: ಗಂಡ, ಹೆಂಡತಿ, ಅತ್ತೆ ಯಂಕವ್ವ, ಒಬ್ಬಳೇ ಮಗಳು ಕುಶಲ. ಒಳಗೆ ಕನ್ನಡ, ಜಿನೆ ಇಳಿದು ನಳದ ಹತ್ತಿರ ಹೋದರೆ ಮರಾಠಿ. ಹತ್ತು ವರ್ಷದ ಮೇಲಾಗಿ ಅವನು ಶನಿವಾರ ಪೇಟೆಯ ಒಂದು ಮರಾಠಿ ದೈನಿಕಕ್ಕೆ ಸಂಗೀತ ಕಚೇರಿಗಳ ವಿಮರ್ಶೆ ಬರೆಯುತ್ತಿದ್ದ. ಅದು ನೌಕರಿಯಲ್ಲ. ಬರೆದದ್ದಕ್ಕೆ ಇಷ್ಟು ಎಂದು ತಿಂಗಳ ಕೊನೆಗೆ ಕೊಡುತ್ತಿದ್ದರು. ಮನೆಯ ಹಾಲು ಮತ್ತು ಕಾಯಿಪಲ್ಲೆ ಅದರಲ್ಲಿ ನಡೆಯುತ್ತಿತ್ತು. ಆದರೆ ಹಾಲಿಗಿಂತ ದೊಡ್ಡದು ಆ ಮರ್ಯಾದೆ. ಆಫೀಸಿನಲ್ಲಿ ಸಾಹೇಬನೆದುರು ಕೈಕಟ್ಟಿ ನಿಲ್ಲುವ ಮನುಷ್ಯನಿಗೆ ಸಭಾಗೃಹದಲ್ಲಿ ಮೊದಲ ಸಾಲಿನ ಕುರ್ಚಿ ಕಾಯುತ್ತಿತ್ತು. ಹಾಡುವವರು ವೇದಿಕೆಯಿಂದಲೇ ಅವನು ಬಂದಿದ್ದಾನೆಯೇ ಎಂದು ಕಣ್ಣು ಹಾಯಿಸುತ್ತಿದ್ದರು.

ಕುಶಲ ಚಿಕ್ಕಂದಿನಿಂದ ರಂಗೂಬಾಯಿಯವರಲ್ಲಿ ಹಾಡು ಕಲಿಯುತ್ತಿದ್ದಳು. ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಹೆಸರು ಮಾಡಿದ ಗಾಯಕಿ, ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದರು; ಈಗ ವಯಸ್ಸು ಅರವತ್ತು ದಾಟಿತ್ತು. ಕುಶಲಳಿಂದ ಅವರು ಫೀ ತೆಗೆದುಕೊಳ್ಳುತ್ತಿರಲಿಲ್ಲ. ಮನಸ್ಸು ಬಿಚ್ಚಿ ಕನ್ನಡ ಮಾತಾಡಲು ಒಂದು ಹುಡುಗಿ ಸಿಕ್ಕಿದ್ದೇ ಸಾಕು ಎನ್ನುತ್ತಿದ್ದರು. ಈ ಕಾರಣಕ್ಕೇ ಬಿಂದುಮಾಧವ ಅವರ ಹಾಡಿನ ಬಗ್ಗೆ ಬರೆಯಬಾರದೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದ.

ಎಪ್ಪತ್ತೊಂಬತ್ತನೆಯ ಇಸವಿಯ ಶ್ರಾವಣದಲ್ಲಿ ಆ ಕಟ್ಟಳೆ ಮುರಿಯಿತು. ಒಂದೇ ಸಂಜೆ ಮೂವರ ಗಾಯನ; ಕೊನೆಗೆ ರಂಗೂಬಾಯಿ. ಪತ್ರಿಕೆಯವರಿಗೆ ಇಡೀ ಕಾರ್ಯಕ್ರಮದ ವಿಮರ್ಶೆ ಬೇಕಿತ್ತು. ಇಬ್ಬರ ಬಗ್ಗೆ ಬರೆದು ಒಬ್ಬರನ್ನು ಬಿಟ್ಟರೆ ಆ ಬಿಟ್ಟದ್ದೇ ಒಂದು ಟೀಕೆಯಾಗುತ್ತದೆ ಎಂದು ಅವನು ಹೆಂಡತಿಗೆ ವಿವರಿಸಿದ. ಹಾಗಾದರೆ ನಾಲ್ಕು ಒಳ್ಳೆಯ ಮಾತು ಬರೆದು ಮುಗಿಸಿಬಿಡಿ ಎಂದಳು ಗೋದಾವರಿ. ಅವನು ಚಪ್ಪಲಿ ಮೆಟ್ಟಿ ಹೊರಟ. ಕಚೇರಿಯಿಂದ ಬಂದು ಅವನು ಚಪ್ಪಲಿ ಬಿಟ್ಟದ್ದನ್ನು ನೋಡಿಯೇ ಅವಳಿಗೆ ಹಾಡು ಹೇಗಿತ್ತೆಂದು ತಿಳಿಯಿತು.

ವಿಮರ್ಶೆ ಬಂದ ದಿನ ಅವಳು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಕುಶಲ ಕೆಳಗಿನ ಮನೆಯಿಂದ ಪತ್ರಿಕೆ ತಂದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಓದಿದಳು. ಮೊದಲಿಬ್ಬರಿಗೆ ಮೆಚ್ಚುಗೆ. ರಂಗೂಬಾಯಿಯವರ ಸ್ವರ ಮೇಲಿನ ಷಡ್ಜಕ್ಕೆ ಹೋದಾಗಲೆಲ್ಲ ಕೂದಲೆಳೆಯಷ್ಟು ಕೆಳಗೇ ಉಳಿಯಿತು ಎಂದಿತ್ತು. ಅದಾದ ಮೇಲೆ ಕೊನೆಯ ಸಾಲು: ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯೆಯ ಕಂಠವೇ ಹಲವು ಸಲ ಗುರುವನ್ನು ಎತ್ತಿ ಹಿಡಿಯಿತು, ಬಾಯಿಯವರು ಹಿಂದೆ ಸರಿದು ಇಂಥ ಎಳೆಯ ಕಂಠವನ್ನು ಮುಂದೆ ಕೂಡಿಸುವ ಕಾಲ ಬಂದಿದೆ.

ತಂಬೂರಿ ಹಿಡಿದು ಕೂತವಳು ಕುಶಲ.

"ಅಪ್ಪಾ, ಈ ಕಡೀ ಸಾಲು ಯಾಕ ಬರದ್ರಿ?" ಎಂದು ಅವಳು ಕೇಳಿದಳು.

ಬಿಂದುಮಾಧವ ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ. "ಸ್ವರ ಇಳದಿತ್ತೋ ಇಲ್ಲೋ?"

"ಇಳದಿತ್ತು."

"ಮತ್ತ?"

"ನಾ ಸ್ವರದ್ದು ಕೇಳಲಿಲ್ಲ. ಶಿಷ್ಯೆ ಅಂದ್ರ ಯಾರು? ನಾನ ಅಲ್ಲೇನು?"

"ಹೆಸರು ಹಾಕಿಲ್ಲಲಾ."

"ಹೆಸರು ಹಾಕದಿದ್ರ ಯಾರಿಗೂ ತಿಳಿಯೂದಿಲ್ಲ ಅಂದ್ರಿ?"

ಕಿವಿಗೆ ಕೇಳಿದ್ದನ್ನು ಬರೆದಿದ್ದೇನೆ, ಎದುರಿಗೆ ಯಾರು ಕೂತಿದ್ದಾರೆಂದು ನೋಡಿ ಬರೆಯುವವನು ತಾನಲ್ಲ ಎಂದು ಅವನು ಕನ್ನಡಿಯತ್ತ ತಿರುಗಿಕೊಂಡ. ರವೆ ಸೀದು ಹೋಯಿತು. ಅಂದು ಗಂಡ, ಹೆಂಡತಿ, ಮಗಳು ಅದನ್ನೇ ತಿಂದರು. ದೇವರ ಮುಂದೆ ಕೂತಿದ್ದ ಯಂಕವ್ವ, ಆ ಬಾಯಿ ಈ ಮನೆಯ ಹುಡುಗಿಗೆ ಎಷ್ಟು ವರ್ಷ ವಿದ್ಯೆ ಹೇಳಿದ್ದಾಳೆ ಎಂದು ಗಟ್ಟಿಯಾಗಿ ಲೆಕ್ಕ ಹಾಕಿದಳು. ಮಗನಿಗೆ ಕೇಳಲಿ ಎಂದೇ ಹಾಕಿದ ಲೆಕ್ಕ ಅದು.

ಸಂಜೆ ಕುಶಲ ಪಾಠಕ್ಕೆ ಹೋಗಿ ಬೇಗ ಬಂದಳು. ಬಾಯಿ ಸಿಟ್ಟು ಮಾಡಲಿಲ್ಲವಂತೆ, ಪತ್ರಿಕೆಯ ಮಾತೇ ಎತ್ತಲಿಲ್ಲವಂತೆ. ತಂಬೂರಿ ಕೂಡಿಸು ಎಂದರು, ಕೂಡಿಸಿದಳು. ಆಮೇಲೆ ಬೇರೆ ಹುಡುಗಿಗೆ ಹೇಳಿಕೊಟ್ಟರು. ಮರುದಿನವೂ ಅದೇ. ಅದರ ಮರುದಿನ ಮೆಂತೆಪಲ್ಲೆ ಸೋಸಲು ಕೊಟ್ಟರು. ವಾರ ಕಳೆದರೂ ಅವಳ ಬಾಯಿಂದ ಒಂದು ಸ್ವರ ಹೊರಡಿಸಲಿಲ್ಲ. ಕುಶಲ ಮನೆಗೆ ಬಂದು, ಅನ್ನ ಕಲಸಿ, ಎರಡು ತುತ್ತು ತಿಂದು ಏಳುತ್ತಿದ್ದಳು.

ಅಷ್ಟರಲ್ಲಿ ಪತ್ರಿಕೆಯಿಂದ ಬಿಂದುಮಾಧವನಿಗೆ ಕರೆ ಬಂತು. ಆಫೀಸು ಬಿಟ್ಟವನು ಸೀದಾ ಅಲ್ಲಿಗೆ ಹೋಗಿ ಊಟದ ಹೊತ್ತಿಗೆ ಮನೆಗೆ ಬಂದ. ಕಾಲು ತೊಳೆದು ಮಣೆಯ ಮೇಲೆ ಕೂತ. ಗೋದಾವರಿ ಚಪಾತಿ ಹಾಕಿ ಹುಳಿ ಬಡಿಸಿದಳು. ಅವನು ಒಂದು ತುಂಡು ಮುರಿದು ಹುಳಿಯಲ್ಲಿ ಅದ್ದಿ ಅಲ್ಲೇ ಬಿಟ್ಟು ಹೇಳತೊಡಗಿದ.

ಸಂಪಾದಕರು ಚಹಾ ತರಿಸಿದರಂತೆ. ತಾಯಿಯ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರಂತೆ. ಆಮೇಲೆ, ಇಬ್ಬರು ಬಂದು ಹೇಳಿ ಹೋದರು, ತಂಬೂರಿಯ ಹುಡುಗಿ ನಿಮ್ಮ ಮಗಳೇ ಅಂತೆ, ಹೌದೋ ಎಂದರಂತೆ. ಇವನು ಹೌದೆಂದ. ಅದನ್ನು ನಮಗೆ ಮೊದಲೇ ಹೇಳಬೇಕಿತ್ತು ಎಂದರು ಅವರು. ತನ್ನ ಕಿವಿಗೆ ನೆಂಟಸ್ತಿಕೆ ಗೊತ್ತಿಲ್ಲ ಎಂದು ಇವನು ಅಂದ. ನಿಮ್ಮ ಕಿವಿಗೆ ಗೊತ್ತಿರಲಿಕ್ಕಿಲ್ಲ, ಓದುವವರಿಗೆ ಗೊತ್ತಿದೆ ಎಂದರು ಸಂಪಾದಕರು. ಮುಂದಿನ ವಾರದಿಂದ ಬೇರೆಯವರು ಬರೆಯುತ್ತಾರೆ.

"ಹತ್ತು ವರ್ಷ," ಎಂದ ಬಿಂದುಮಾಧವ. "ಹತ್ತು ವರ್ಷದಾಗ ಒಬ್ಬರ ಮನೀ ತೆಂಗಿನಕಾಯಿ ಸುದ್ದಾ ತಗೊಂಡಿಲ್ಲ. ನನಗ ಸುಳ್ಳಾ ಲಬಾಡ ಅಂದಂಗಾತು."

ಯಂಕವ್ವ ಮೊಸರನ್ನ ಕಲಸುತ್ತಿದ್ದಳು. "ಅವರು ಕೇಳಿದ್ದು ಬರೋಬರಿ ಅದ ಅಲ್ಲೋ, ಬಿಂದ್ಯಾ? ನಿನ್ನ ಮಗಳು ಅಂತ ನೀ ಹೇಳಲಿಲ್ಲ. ಹೇಳಬೇಕಿತ್ತಲಾ."

ಅವನು ತಾಟಿಗೆ ಕೈಮುಗಿದು ಎದ್ದ. ಆ ಚಪಾತಿಯನ್ನು ಗೋದಾವರಿ ಮರುದಿನ ಒಗ್ಗರಣೆ ಹಾಕಿ ತಾನೇ ತಿಂದಳು.

ಹಾಲು ಅರ್ಧಕ್ಕೆ ಇಳಿಯಿತು. ಸಂಜೆಯ ಚಹಾ ಕಪ್ಪಾಯಿತು, ಆಮೇಲೆ ನಿಂತೇ ಹೋಯಿತು. ಯಂಕವ್ವನ ಮೊಸರಿಗೆ ಮಾತ್ರ ಗೋದಾವರಿ ಕೈ ಹಚ್ಚಲಿಲ್ಲ. ಮುದುಕಿ ಅದನ್ನು ನೋಡಿ, ತನಗೆ ಮೊಸರು ಸೇರುತ್ತಿಲ್ಲವೆಂದು ಸುಳ್ಳು ಹೇಳಿ ಬಟ್ಟಲನ್ನು ಮೊಮ್ಮಗಳ ಕಡೆ ಸರಿಸತೊಡಗಿದಳು. ಇದೆಲ್ಲ ನಡೆದೀತು ಎಂದುಕೊಂಡಳು ಗೋದಾವರಿ. ಸಹಿಸಲಾಗದ್ದು ಗಂಡನ ನಾಲಿಗೆ. ಕಚೇರಿಗಳಿಲ್ಲದೆ ಅವನು ಮನೆಯನ್ನೇ ವಿಮರ್ಶೆ ಮಾಡತೊಡಗಿದ. ಹುಳಿಯಲ್ಲಿ ಉಪ್ಪು ಮುಂದಾಗಿ ಬಂತು, ಹುಣಸೆ ಹಿಂದುಳಿಯಿತು ಎನ್ನುವನು. ಬದನೆಕಾಯಿ ಎಣ್ಣೆಗಾಯಿಗೆ ಕಳೆದ ಸಲದ ಹದ ಇಲ್ಲ ಎನ್ನುವನು. ಒಂದು ದಿನ ಅವಳು ಸೌಟು ಕೆಳಗಿಟ್ಟು, "ಇದನ್ನೂ ಛಾಪಸ್ರಿ, ಊರ ಮಂದಿ ಓದ್ಲಿ," ಎಂದಳು. ಕುಶಲ ನಕ್ಕಳು. ಆ ತಿಂಗಳು ಆ ಮನೆಯಲ್ಲಿ ಕೇಳಿದ ನಗು ಅದೊಂದೇ, ಅದೂ ಅವನಿಗೆ ಮುಳ್ಳಿನಂತೆ ಚುಚ್ಚಿತು.

ಗಣಪತಿ ಹಬ್ಬ ಬಂತು. ಪೇಟೆ ಪೇಟೆಯಲ್ಲಿ ಮಾಂಡವದ ಚಪ್ಪರ, ಸಂಜೆಯಾದರೆ ಗಾಯನ. ಬೇರೆ ವರ್ಷ ಈ ಹೊತ್ತಿಗೆ ಮಂಡಳಗಳ ಆಮಂತ್ರಣಗಳು ಕಿಟಕಿಯ ಸಲಾಕೆಗಳ ನಡುವೆ ಸಿಕ್ಕಿಸಿರುತ್ತಿದ್ದವು. ಈ ವರ್ಷ ಒಂದೂ ಬರಲಿಲ್ಲ. ಬಿಂದುಮಾಧವ ಆಫೀಸಿನಿಂದ ಸುತ್ತುದಾರಿ ಹಿಡಿದು ಬರುತ್ತಿದ್ದ, ಪರಿಚಯದವರು ಕೂಡುವ ಚಹಾದ ಅಂಗಡಿ ತಪ್ಪಲಿ ಎಂದು. ರೇಡಿಯೋದಲ್ಲಿ ಹಾಡು ಶುರುವಾದರೆ ಎದ್ದು ಹೋಗಿ ಅದರ ಕಿವಿ ಹಿಂಡಿ ಬಂದ್ ಮಾಡುತ್ತಿದ್ದ.

ವಿಸರ್ಜನೆ ಮುಗಿದ ಮೇಲೆ ಒಂದು ಸಂಜೆ ಅವನು ಬಂದಾಗ ಗೋದಾವರಿ ಹಿಟ್ಟು ನಾದುತ್ತಿದ್ದಳು; ಕುಶಲ ಪಾಠಕ್ಕೆ ಹೊರಟು ಹೆರಳು ಹಾಕಿಕೊಳ್ಳುತ್ತಿದ್ದಳು. ಆಫೀಸಿನಲ್ಲಿ ಯಾರೋ ಚೇಷ್ಟೆಗೆ ಕೇಳಿದ್ದರು: ಗಲಗಲಿಯವರೇ, ದಾರಿ ಮಾಡಿಕೊಟ್ಟಿರಿ, ಮಗಳ ಕಾರ್ಯಕ್ರಮ ಯಾವಾಗ? ಅವನು ಅದನ್ನು ಹೇಳಿ ಮುಗಿಸಿ, "ಕುಶಲಾ, ಇನ್ನ ಮ್ಯಾಲೆ ಬಾಯಿಯವರ ಕಡೆ ಹೋಗಬ್ಯಾಡ," ಎಂದ.

ಹೆರಳು ಅರ್ಧಕ್ಕೆ ನಿಂತಿತು.

"ಯಾಕ?"

"ನೀ ಹಾಡೂದು ಬಿಟ್ರ, ನಾ ನಿನ್ನ ಸಲುವಾಗಿ ಬರದಿಲ್ಲ ಅಂತ ಎಲ್ಲಾರಿಗೂ ತಿಳೀತದ. ಬರೇ ಬಾಯಿಮಾತಿಲೆ ಹೇಳಿದ್ರ ಯಾರೂ ನಂಬೂದಿಲ್ಲ."

ಕುಶಲ ತಾಯಿಯ ಕಡೆ ನೋಡಿದಳು. ಗೋದಾವರಿ ಚೇಷ್ಟೆಗೆ ಒಂದು ಮಾತು ಅಂದಾಳೇ ಹೊರತು ಗಂಡನಿಗೆ ಎದುರಾಡಿದವಳಲ್ಲ. ಅನ್ನಬೇಕಾದ್ದನ್ನು ಪಾತ್ರೆಗಳ ಸದ್ದಿನಲ್ಲಿ ಅನ್ನುವವಳು. ಅಂದು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ನೀವು ಖರೇ ಮನಷ್ಯಾ ಅಂತ ತೋರಸ್ಲಿಕ್ಕೆ ಆಕಿ ಗಂಟಲಾ ಕೊಯ್ದು ಕೊಡಬೇಕೇನ್ರಿ?"

"ನಿನಗ ಇದು ತಿಳಿಯೂದಿಲ್ಲ."

"ಹಾಡು ತಿಳಿಯೂದಿಲ್ಲ. ಇದು ತಿಳೀತದ. ಬರಿಯೂ ಮುಂದ ಆಕಿನ್ನ ಕೇಳಲಿಲ್ಲ. ಈಗ ಬಿಡಸೂ ಮುಂದೂ ಕೇಳವಲ್ರಿ. ಕುಶಲಾ, ಹೆರಳ ಹಾಕ್ಕೊಂಡು ಹೋಗು."

ಕುಶಲ ಹೋದಳು. ಬಿಂದುಮಾಧವ ಮರುದಿನ ಆಫೀಸಿಗೆ ಡಬ್ಬಿ ಒಯ್ಯಲಿಲ್ಲ. ಅದರ ಮರುದಿನವೂ ಕಟ್ಟಿಟ್ಟ ಡಬ್ಬಿ ಕಟ್ಟೆಯ ಮೇಲೆಯೇ ಇತ್ತು. ಮಧ್ಯಾಹ್ನ ಅತ್ತೆ ಸೊಸೆ ಅದನ್ನು ಬಿಚ್ಚಿ ತಿನ್ನುವಾಗ ಯಂಕವ್ವ, ಅವನ ಅಪ್ಪನೂ ಹೀಗೇ, ತಾನು ತಪ್ಪಿದಾಗ ಮನೆಯ ಅನ್ನಕ್ಕೆ ಸಿಟ್ಟಾಗುತ್ತಿದ್ದ ಎಂದಳು. ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತು ನಿಂತಿತು. ನೀರು ಕಾಯ್ದಿದೆ, ಕೊಡೆ ಎಲ್ಲಿದೆ ಎಂಬಂಥ ಮಾತೂ ಗೋದಾವರಿಯ ಮೂಲಕವೇ ಹಾಯಬೇಕಾಯಿತು.

ಕೊನೆಗೆ ಅವಳೇ ಒಂದು ಮಧ್ಯಾಹ್ನ ಸೀರೆ ಬದಲಿಸಿ ಸದಾಶಿವ ಪೇಟೆಯ ಬಾಯಿಯವರ ಮನೆಗೆ ನಡೆದಳು. ರಂಗೂಬಾಯಿ ಒಬ್ಬರೇ ಇದ್ದರು. ಈಳಿಗೆಯ ಮುಂದೆ ಕೂತು ಹೀರೇಕಾಯಿ ಹೆರೆಯುತ್ತಿದ್ದರು. ಚಾಪೆ ತೋರಿಸಿ ಕೂಡಿಸಿ, ಬಿಸಿಲಲ್ಲಿ ಬಂದಿದ್ದೀರಿ ಎಂದು ನೀರು ಕೊಟ್ಟರು. ಗೋದಾವರಿ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ನಮ್ಮನೆಯವರು ಹಾಗೆ ಬರೆಯಬಾರದಿತ್ತು ಎಂದಷ್ಟೇ ಹೇಳಿದಳು.

"ಸ್ವರ ಇಳದಿತ್ತು, ಗೋದಕ್ಕ," ಎಂದರು ರಂಗೂಬಾಯಿ. "ಹ್ವಾದ ವರ್ಷದಿಂದ ಇಳೀಲಿಕ್ಕತ್ತದ. ನನಗ ಗೊತ್ತಿಲ್ಲೇನು? ಆದ್ರ ಅದರ ಹಿಂದಿನ ಐತವಾರ ನಿಮ್ಮ ಯಜಮಾನ್ರು ಇಲ್ಲೇ, ನೀವು ಕೂತಲ್ಲೇ ಕೂತು, ನನ್ನ ರಿಯಾಜ ಕೇಳಿ ಚಹಾ ಕುಡದು ಹ್ವಾದ್ರು. ಆವಾಗ ಬಾಗಲಾ ಹಾಕಿ ನನಗೊಂದು ಮಾತು ಹೇಳಿದ್ರ ಮುಗೀತಿತ್ತು. ಊರಿಗೆಲ್ಲಾ ಹೇಳಿ, ಎಲ್ಲಾರ ಕಡಿಂದ ನನಗ ಹೇಳಿಸಿಧಂಗಾತು."

ಗೋದಾವರಿ ತಲೆ ತಗ್ಗಿಸಿದಳು. ಕುಶಲಳ ಪಾಠದ ಬಗ್ಗೆ ಕೇಳಿದಳು. ಹುಡುಗಿಯದೇನು ತಪ್ಪಿದೆ ಎಂದಳು.

"ಆಕಿದೇನೂ ತಪ್ಪಿಲ್ಲ. ಆಕಿ ಮುಂದ ಬಾಯಿ ತಗೀಲಿಕ್ಕೆ ನನಗ ಅಂಜಿಕಿ ಬಂತು. ಅಪ್ಪನ ಕಿವಿ ಆಕಿಗೂ ಅದ." ಬಾಯಿ ಹೆರೆದ ಹೀರೇಕಾಯಿಯನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಂಡರು. "ನವರಾತ್ರಿಗೆ ದೇವಿ ಗುಡಿಯವರು ನನ್ನ ಕರದಾರ. ನಾ ಕುಶಲನ್ನ ಕೂಡಸ್ತೀನಿ."

ಗೋದಾವರಿಗೆ ಖುಷಿಗಿಂತ ಗಾಬರಿ ಹೆಚ್ಚಾಯಿತು. ಜನ ಏನೆಂದಾರು, ಅಪ್ಪ ಬರೆದದ್ದು ಇದಕ್ಕೇ ಎಂದಾರು ಎಂದಳು.

"ಅನ್ಲಿ. ಈಗೂ ಅದನ್ನ ಅನ್ಲಿಕ್ಕತ್ತಾರ. ಆಕಿ ಛಲೋ ಹಾಡಿದ್ರ ಅರ್ಧಾ ಮಂದಿ ಸುಮ್ಮನಾಗ್ತಾರ. ಹಾಡದಽ ಮನ್ಯಾಗ ಕೂತ್ರ ಯಾರೂ ಸುಮ್ಮನಾಗೂದಿಲ್ಲ."

ಮನೆಗೆ ಬಂದು ಗೋದಾವರಿ ಗಂಡನೆದುರು ಬಾಯಿಯವರ ಮಾತನ್ನು ಇದ್ದ ಹಾಗೇ ಹೇಳಿದಳು, ಐತವಾರದ ಚಹಾದ ಮಾತನ್ನೂ. ಅವನು ಜಗಳಕ್ಕೆ ಬರುತ್ತಾನೆಂದು ಸೆರಗು ಸಿಗಿಸಿಕೊಂಡೇ ಕೂತಿದ್ದಳು. ಅವನು ಬರಲಿಲ್ಲ. ಆ ದಿನವೇ ತನಗೆ ಅನುಮಾನ ಬಂದಿತ್ತು, ಮುಖ ನೋಡಿ ಹೇಳಲು ಧೈರ್ಯ ಸಾಲಲಿಲ್ಲ ಎಂದ. ಬರೆಯಲು ಹೇಗೆ ಧೈರ್ಯ ಬಂತು ಎಂದು ಅವಳು ಕೇಳಿದಳು. ಮಗಳ ಕಾರ್ಯಕ್ರಮಕ್ಕೆ ಮಾತ್ರ ತಾನು ಬರುವುದಿಲ್ಲ, ಬಂದರೆ ಮತ್ತೆ ಹತ್ತು ಮಾತು ಹುಟ್ಟುತ್ತವೆ ಎಂದ. ಮರುದಿನ ಡಬ್ಬಿ ಒಯ್ದ.

ನವರಾತ್ರಿಯ ಆ ಸಂಜೆ ಗೋದಾವರಿ ಅತ್ತೆಯನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಗುಡಿಗೆ ಹೋದಳು. ಅಂಗಳದಲ್ಲಿ ಜಮಖಾನೆ ಹಾಸಿದ್ದರು, ಜನ ಕಿಕ್ಕಿರಿದಿದ್ದರು. ಕುಶಲ ಹಸಿರು ಸೀರೆಯುಟ್ಟು ನಡುವೆ ಬಂದು ಕೂತಳು. ಅವಳ ಹಿಂದೆ ತಂಬೂರಿ ಎತ್ತಿಕೊಂಡು ಕೂತವರನ್ನು ನೋಡಿ ಜನರೆಲ್ಲ ಗುಜುಗುಜು ಮಾತಾಡತೊಡಗಿದರು. ರಂಗೂಬಾಯಿಯವರೇ ಬಂದು ಕೂತಿದ್ದರು. ಯಂಕವ್ವ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕುಶಲ ಹಾಡಿದಳು. ಗೋದಾವರಿಗೆ ಹಾಡಿಗಿಂತ ಸುತ್ತಲಿನ ಮುಖಗಳ ಮೇಲೇ ಕಣ್ಣು. ಮೊದಮೊದಲು ಅವು ಬಿಗಿದುಕೊಂಡಿದ್ದವು. ಬರಬರುತ್ತ ಒಂದೊಂದೇ ತಲೆ ಅಲುಗತೊಡಗಿತು. ನಡುವೆ ಒಮ್ಮೆ ಹಿಂತಿರುಗಿ ನೋಡಿದಾಗ ಮಹಾದ್ವಾರದ ಬಳಿ, ಚಪ್ಪಲಿ ಕಾಯುವವನ ಪಕ್ಕ, ಹೆಗಲಿಗೆ ಆಫೀಸಿನ ಚೀಲ ಹಾಕಿಕೊಂಡು ಬಿಂದುಮಾಧವ ನಿಂತಿದ್ದ. ಕಣ್ಣು ಮುಚ್ಚಿದ್ದ. ಅವಳು ಅತ್ತೆಗೆ ಹೇಳಲಿಲ್ಲ. ಅವರು ಮನೆಗೆ ಬರುವಷ್ಟರಲ್ಲಿ ಅವನು ಹಾಸಿಗೆ ಬಿಡಿಸಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ.

ಎರಡು ದಿನದ ಮೇಲೆ ಪತ್ರಿಕೆಯಲ್ಲಿ ಬಂತು. ಅವನ ಜಾಗದಲ್ಲಿ ಬರೆಯುತ್ತಿದ್ದ ಹೊಸಬ ಕುಶಲಳನ್ನು ಹೊಗಳಲು ಇದ್ದ ಮಾತೆಲ್ಲ ಖರ್ಚು ಮಾಡಿದ್ದ. ದೋಷವೆಂಬುದೇ ಇಲ್ಲದ ಗಾಯನ, ಕಣ್ಣು ಮುಚ್ಚಿ ಕೇಳಿದರೆ ಗುರು ಯಾರು ಶಿಷ್ಯೆ ಯಾರು ತಿಳಿಯದು ಎಂದೆಲ್ಲ. ವಾಡೆಯ ಹೆಂಗಸರು ನಳದ ಬಳಿ ಗೋದಾವರಿಯನ್ನು ನಿಲ್ಲಿಸಿ ಅಭಿನಂದಿಸಿದರು. ಅವಳು ಹಬ್ಬಕ್ಕೆಂದು ಎತ್ತಿಟ್ಟ ತುಪ್ಪ ತೆಗೆದು ಶಿರಾ ಮಾಡಿ ನಾಲ್ಕು ಮನೆಗೆ ಕೊಟ್ಟು ಕಳಿಸಿದಳು. ಯಂಕವ್ವ ಮೊಮ್ಮಗಳಿಗೆ ದೃಷ್ಟಿ ತೆಗೆದಳು. ಸಂಜೆ ಬಿಂದುಮಾಧವ ಬಂದು ಪತ್ರಿಕೆಯನ್ನು ನಿಂತೇ ಓದಿ ಕಟ್ಟೆಯ ಮೇಲಿಟ್ಟ. ಶಿರಾ ತಿಂದ. ಚೆನ್ನಾಗಿದೆ ಎಂದ. ಶಿರಾದ ಬಗ್ಗೆ ಎಂದು ಎಲ್ಲರಿಗೂ ತಿಳಿಯಿತು.

ಗೋದಾವರಿ ಸ್ಟೋವಿಗೆ ಗಾಳಿ ಹೊಡೆದು ಅನ್ನಕ್ಕೆ ನೀರಿಟ್ಟಳು. ಕುಶಲ ಬಂದು ಅಪ್ಪನೆದುರು ಕೂತದ್ದು ಅವಳಿಗೆ ಬಾಗಿಲ ಸಂದಿಯಿಂದ ಕಂಡಿತು. ಎಷ್ಟೋ ವಾರದ ಮೇಲೆ ಅವಳು ಅಪ್ಪನೊಡನೆ ನೇರವಾಗಿ ಮಾತಾಡಿದ್ದು ಅಂದೇ.

"ನೀವು ಬಂದಿದ್ರಿ. ಬಾಯಿ ನೋಡಿದ್ರು."

ಅವನು ಹೂಂ ಎಂದ.

"ಹ್ಯಾಂಗಿತ್ತು?"

"ಪತ್ರಿಕಾದಾಗ ಬರದಾರಲಾ."

"ಅದನ್ನ ನಾನೂ ಓದೀನಿ. ನೀವು ಹೇಳ್ರಿ."

ಗೋದಾವರಿ ಒಳಗಿನಿಂದ ಬಂದು, ಇವತ್ತೊಂದು ದಿನ ಹುಡುಗಿ ಸಂತೋಷವಾಗಿರಲಿ, ನಿಮಗೆ ಕೈಮುಗಿಯುತ್ತೇನೆ ಎಂದಳು. ಹೊಗಳಿಕೆ ತಂದ ಸಂತೋಷ ಮನೆಗೆ ಬಂದು ಇನ್ನೂ ಒಂದು ಹೊತ್ತು ಕಳೆದಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಯಂಕವ್ವ, ಆಕೆಯೇ ಕೇಳುತ್ತಿದ್ದಾಳಲ್ಲ, ಹೇಳೋ ಎಂದಳು.

ಅವನು ಎದ್ದು ಹೋಗಿ ಜಿನೆಯ ಬಾಗಿಲು ಮುಚ್ಚಿ ಬಂದು ಕೂತ.

"ಸ್ವರಾ ಎಲ್ಲೂ ತಪ್ಪಿಲ್ಲ," ಎಂದ. "ಆದ್ರ ನೀ ಹಾಡಿದ ಚೀಜಿನ ಎರಡನೇ ಸಾಲಿನಾಗ ನಡುವ ಒಂದು ಕಡೆ ನಿಲ್ಲತಿ. ಬಾಯಿ ಅಲ್ಲೇ ನಿಲ್ಲತಾರ. ಅವರಿಗೆ ವಯಸ್ಸಾಗೇದ, ಅಲ್ಲಿಗೆ ಉಸರು ಮುಗೀತದ, ಅದಕ್ಕ ನಿಲ್ಲತಾರ. ನಿನಗೇನಾಗೇದ ನಿಲ್ಲಲಿಕ್ಕೆ? ಅವರ ವಿದ್ಯಾದ ಜೋಡಿ ಅವರ ದಣಿವೂ ಕಲತಿ ನೀ. ಗುರು ಯಾರು ಶಿಷ್ಯೆ ಯಾರು ತಿಳಿಯೂದಿಲ್ಲ ಅಂತ ಬರದಾನ ಅಂವ. ಅದಽ ತಪ್ಪು."

ಕುಶಲಳ ಕಣ್ಣು ತುಂಬಿತು. ಗೋದಾವರಿ ಮಗಳ ಹೆಗಲ ಮೇಲೆ ಕೈಯಿಟ್ಟು ಗಂಡನನ್ನು ಸುಡುವಂತೆ ನೋಡಿದಳು. ಕುಶಲ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ಇದನ್ನ ಪತ್ರಿಕಾಕ್ಕ ಬರೀತಿದ್ರೇನು?"

ಅವನು ಮುಚ್ಚಿದ ಜಿನೆಯ ಬಾಗಿಲ ಕಡೆ ನೋಡಿದ. "ಆವಾಗಾದ್ರ ಬರೀತಿದ್ದೆ," ಎಂದ. ಆಮೇಲೆ, "ನಾಳೆ ಬಾಯಿಯವರ ಕಡೆ ಹೋಗಬೇಕು ನಾನು. ಕ್ಷಮಾ ಕೇಳೂದದ," ಎಂದ.

ಕುಶಲ ಮೂಲೆಯಿಂದ ತಂಬೂರಿ ತಂದಳು. ತಂತಿ ಕೂಡಿಸುವಾಗ ಒಳಗೆ ಸ್ಟೋವಿನ ಬುಸುಗುಟ್ಟುವ ಸದ್ದು ಅಡ್ಡ ಬಂತು. ಅವಳು ತಂತಿಗೆ ಕಿವಿ ಹಚ್ಚಿದಳು, ಮತ್ತೆ ಹಚ್ಚಿದಳು. ಗೋದಾವರಿ ಒಳಗೆ ಹೋಗಿ ಒಂದು ಕ್ಷಣ ಅನ್ನದ ಪಾತ್ರೆಯ ಮುಂದೆ ನಿಂತಳು. ಅಕ್ಕಿ ಇನ್ನೂ ಅರ್ಧ ಬೆಂದಿತ್ತು. ಅವಳು ಸ್ಟೋವಿನ ಗಾಳಿ ಬಿಟ್ಟಳು. ಉರಿ ಒಮ್ಮೆ ಕೆಂಪಗೆ ಎದ್ದು ಆರಿ, ಮನೆ ಸದ್ದಿಲ್ಲದಂತಾಯಿತು.

ಮೊದಲ ಸಲ ಕುಶಲ ಆ ಸಾಲಿನ ನಡುವೆಯೇ ನಿಂತಳು. ರೂಢಿ ಬಿಡಲಿಲ್ಲ. ಬಿಂದುಮಾಧವ ಕೈಯಿಂದ ಮುಂದೆ ಎಂದು ತೋರಿಸಿದ. ಎರಡನೆಯ ಸಲ ಅವಳು ಆ ಜಾಗ ದಾಟಿದಳು, ದಾಟಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಸ್ವರ ನಡುಗಿತು. ಅವಳು ತಲೆ ಅಲ್ಲಾಡಿಸಿ ಬಿಟ್ಟುಬಿಡಲಿದ್ದಳು.

"ನಡಗ್ಲಿ," ಎಂದ ಅವನು. "ಈ ನಡುಕಾ ನಿಂದು. ಇನ್ನೊಮ್ಮೆ."

ಊಟ ಯಾವಾಗ ಎಂದು ಯಂಕವ್ವ ಮೂಲೆಯಿಂದ ಸೊಸೆಗೆ ಸನ್ನೆ ಮಾಡಿದಳು. ಗೋದಾವರಿ ಇನ್ನೂ ತಡವಿದೆಯೆಂದು ಕೈ ಆಡಿಸಿ, ಕೈಯಲ್ಲಿದ್ದ ಸೌಟನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಳು. ಕುಶಲ ಮತ್ತೆ ಸಾಲು ಎತ್ತಿಕೊಂಡಳು. ರಾಗದ ಹೆಸರು ಗೋದಾವರಿಗೆ ಗೊತ್ತಿರಲಿಲ್ಲ. ಆದರೆ ಮಗಳು ಮೊದಲು ನಿಲ್ಲುತ್ತಿದ್ದ ಜಾಗ ಬಂದದ್ದು ಅವಳಿಗೆ ತಿಳಿಯಿತು. ಹಾಡು ಅಲ್ಲಿ ನಿಲ್ಲದೆ ಮುಂದೆ ಹೋದದ್ದೂ ತಿಳಿಯಿತು.